ಅವ್ವನ ಒಪ್ಪಿಗೆ

ರಾಯಿಕೋಡ್
೧೮ ಜೂನ್ ೨೦೨೩

ಮಗಳು ಸ್ವಾತಿಗೆ,

ಕನ್ನಡ ಸಾಲಿಯಲ್ಲಿ ಏಳನೆಯ ಕ್ಲಾಸು ಮುಗಿಸಿದ ಮೇಲೆ ನಾನು ಇಷ್ಟುದ್ದ ಬರೆಯಲು ಕೂತದ್ದು ಇದೇ ಮೊದಲು. ಆಶ್ರಮದಲ್ಲಿ ಒಂದು ವರ್ಷ ಫೋನು ಇಟ್ಟುಕೊಳ್ಳುವಂತಿಲ್ಲ, ಪತ್ರ ಬರೆಯಬಹುದು ಅಂತ ನೀನು ಹೇಳಿ ಹೋದೆಯಲ್ಲ, ಅದಕ್ಕೇ ಒಂದು ನೋಟ್‌ಬುಕ್ ಕೊಂಡು ತಂದೆ. ಅಂಗಡಿಯವನು, "ಯಾರ ಸಾಲಿಗಿ, ಕಾಕಾ?" ಅಂತ ಕೇಳಿದ. "ನಂದೇ ಸಾಲಿ" ಅಂದೆ. ನಕ್ಕ.

ನೀನು ಹೋಗಿ ಹನ್ನೆರಡು ದಿನ ಆಯಿತು. ಕ್ಷೇಮ ಅಂತ ಬರೆಯುವುದು ರೂಢಿ. ಕುರಿಗಳು ಕ್ಷೇಮ. ಮಳೆ ಇನ್ನೂ ಸರಿಯಾಗಿ ಹಿಡಿದಿಲ್ಲ. ನಿನ್ನ ತಮ್ಮ ಸಾಯಿಕುಮಾರ ಮತ್ತು ನಾನು ಹಿಂಡನ್ನು ಕೆರೆಯ ಆಚೆಗೆ ಹೊಡೆದುಕೊಂಡು ಹೋಗುತ್ತೇವೆ. ನಿನ್ನ ಅವ್ವ ಮಾತ್ರ ಇಷ್ಟು ದಿನವಾದರೂ ನಿನ್ನ ಹೆಸರು ಎತ್ತಿಲ್ಲ. ಮೊನ್ನೆ ಊಟಕ್ಕೆ ಬಡಿಸುವಾಗ ಒಂದು ತಟ್ಟೆ ಹೆಚ್ಚಿಗೆ ಇಟ್ಟಳು. ಆಮೇಲೆ ಅದನ್ನು ಸೆರಗಿನಿಂದ ಒರೆಸಿ ಮತ್ತೆ ಗೂಡಿನಲ್ಲಿ ಇಟ್ಟಳು. ನಾನು ನೋಡಿದ್ದನ್ನು ಅವಳು ನೋಡಿದಳು. 

ಊರಲ್ಲಿ ಕೇಳುತ್ತಾರೆ. ಜಹೀರಾಬಾದಿನ ಔಷಧ ಕಾರ್ಖಾನೆಯಲ್ಲಿ ನಾಲ್ಕು ವರ್ಷ ದುಡಿದ ಹುಡುಗಿ, ಕೊಹೀರಿನ ಅನಿಲಕುಮಾರನಂಥ ನೌಕರಿಯ ಹುಡುಗನ ಜೊತೆ ಮಾತುಕತೆ ಆದ ಹುಡುಗಿ, ತಾಂಡೂರಿಗೆ ಹೋಗಿ ಸನ್ಯಾಸ ತಗೊಳ್ಳುತ್ತೇನೆ ಅಂದರೆ ಕೇಳದೆ ಇರುತ್ತಾರೆಯೇ?  ಆ ಹುಡುಗ ಏನಾದರೂ ಅಂದನೇ? ನಾವು ಏನಾದರೂ ಅಂದೆವೇ? ಇದ್ದರೆ ಬರೆ. ನಾನು ಸಿಟ್ಟಾಗುವುದಿಲ್ಲ.

ವರ್ಷ ತುಂಬಿದ ಮೇಲೆ ತಾಯಿ ತಂದೆ ಇಬ್ಬರೂ ಬಂದು ಬಾಯಿಬಿಟ್ಟು ಒಪ್ಪಿಗೆ ಹೇಳಿದರೆ ಮಾತ್ರ ದೀಕ್ಷೆ ಅಂತ ಅಲ್ಲಿಯ ನಿಯಮ ಅಂದಿದ್ದೆ. ಅದನ್ನು ನಿನ್ನ ಅವ್ವನಿಗೆ ಹೇಳಿದೆ. ಅವಳು ಇಷ್ಟೇ ಅಂದಳು: "ಹಂಗಿದ್ರ ಫಿಕರ್ ಬ್ಯಾಡ. ನನ್ನ ಬಾಯಾಗ ಹೂಂ ಅನ್ನೂ ಮಾತು ಬರೂದಿಲ್ಲ."

ಇಂತಿ, ನಿನ್ನ ಅಪ್ಪ
ಕಾಶಪ್ಪ


ತಾಂಡೂರು
೯ ಜುಲೈ ೨೦೨೩

ಅಪ್ಪಾ,

ನಿನ್ನ ಅಕ್ಷರ ಇಷ್ಟು ಗುಂಡಗೆ ಇವೆ ಅಂತ ಇಪ್ಪತ್ತಾರು ವರ್ಷವಾದರೂ ನನಗೆ ಗೊತ್ತಿರಲಿಲ್ಲ.

ಯಾರೂ ಏನೂ ಅಂದಿಲ್ಲ. ಅನಿಲಕುಮಾರ ಏನೂ ತಪ್ಪು ಮಾಡಿಲ್ಲ. ಅವನ ವಿಷಯ ಇದಕ್ಕಿಂತ ಹೆಚ್ಚು ಈಗ ಬರೆಯಲಾರೆ.

ಕಾರ್ಖಾನೆಯಲ್ಲಿ ನನ್ನ ಕೆಲಸ ಏನು ಅಂತ ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ಬಿಳಿ ದೀಪದ ಮುಂದೆ ಸೂಜಿಮದ್ದಿನ ಸಣ್ಣ ಸೀಸೆಗಳು ಸಾಲಾಗಿ ಬರುತ್ತವೆ. ಒಳಗೆ ಕಸವೋ ಗಾಜಿನ ಚೂರೋ ಕಂಡರೆ ತೆಗೆದು ಬದಿಗಿಡಬೇಕು. ದಿನಕ್ಕೆ ಎಂಟು ತಾಸು, ನಾಲ್ಕು ವರ್ಷ. ಕೆಟ್ಟ ಕೆಲಸ ಅಲ್ಲ ಅಪ್ಪಾ, ಯಾರದೋ ಜೀವ ಉಳಿಸುವ ಮದ್ದು ಅದು. ಆದರೆ ಆ ಯಾರೋ ಅನ್ನುವವರ ಒಂದು ಮುಖವನ್ನೂ ನಾನು ನೋಡಲಿಲ್ಲ. ಕಣ್ಣು ಮುಚ್ಚಿದರೂ ಸೀಸೆಗಳೇ ಹೋಗುತ್ತಿದ್ದವು. ನಾನೂ ಹಾಗೇ ಒಂದು ದಿನ ಸಾಲಿನಲ್ಲಿ ಹೋಗಿ ಮುಗಿದುಬಿಡುತ್ತೇನೆ ಅನ್ನಿಸುತ್ತಿತ್ತು.

ಕಳೆದ ದಸರಾ ರಜೆಯಲ್ಲಿ ಜೊತೆಗೆ ಕೆಲಸ ಮಾಡುವ ಯಾಮಿನಿ ಹಣ್ಣು ಹಂಚಲು ಇಲ್ಲಿಗೆ ಕರೆತಂದಿದ್ದಳು. ನೆಲಕ್ಕೆಲ್ಲ ನೀಲಿ ಕಲ್ಲು ಹಾಸಿದ ಅಂಗಳ, ನಲವತ್ತು ಜನ ಮುದುಕಿಯರು, ಬುದ್ಧಿ ಸ್ತಿಮಿತ ಇಲ್ಲದ ಹೆಂಗಸರು. ಒಬ್ಬಾಕೆ ನನ್ನ ಕೈ ಹಿಡಿದವಳು ಬಸ್ಸಿನ ಹೊತ್ತಾದರೂ ಬಿಡಲಿಲ್ಲ. ಏನೂ ಬೇಡಲಿಲ್ಲ, ಹಿಡಿದಿದ್ದಳು ಅಷ್ಟೇ. ನಮ್ಮ ಬೀರಪ್ಪನ ಗುಡಿಯಲ್ಲಿ ನೀನು ಹಣೆಗೆ ಅರಿಶಿನದ ಭಂಡಾರ ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಾಗ ನಿನಗೆ ಏನಾಗುತ್ತದೆ ಅಂತ ಚಿಕ್ಕವಳಿದ್ದಾಗ ಕೇಳಬೇಕು ಅನ್ನಿಸುತ್ತಿತ್ತು. ಅವತ್ತು ನನಗೆ ಅದು ಸ್ವಲ್ಪ ಗೊತ್ತಾಯಿತು ಅಂದುಕೊಂಡೆ.

ಇಲ್ಲಿ ಹಿರಿಯರಾದ ಅಕ್ಕನವರು ಪೂಜೆಗಿಂತ ಮೊದಲು ಬಟ್ಟೆ ಒಗೆಯುವುದನ್ನು ಕಲಿಸಿದರು. ನನಗೆ ಒಪ್ಪಿಸಿದ ಕೋಣೆಯಲ್ಲಿ ಆರು ಜನರಿದ್ದಾರೆ. ಒಬ್ಬಾಕೆಯ ಹೆಸರು ಧಮ್ಮಶೀಲಾ. ರೈಲ್ವೆ ಗೇಟು ಕಾಯುತ್ತಿದ್ದವರ ಹೆಂಡತಿ. ಗಂಡ ತೀರಿಹೋದ ಮೇಲೆ ಒಂದು ಟ್ರಂಕು ಹೊತ್ತುಕೊಂಡು ತಾನೇ ಬಂದವಳು. ಅಕ್ಕನವರಿಗೆ, "ಸಾಯಾಕ ಬಂದೀನ್ರಿ. ಜರಾ ತಡ ಆದ್ರ ಮಾಫ್ ಮಾಡ್ರಿ" ಅಂದಳಂತೆ. ಅದಾಗಿ ಒಂಬತ್ತು ವರ್ಷ.

ಅವ್ವನಿಗೆ ಈ ಪತ್ರ ಓದಿ ಹೇಳು. ಬೇಡ ಅಂದರೆ ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ನೀನೇ ಓದಿಕೋ.

ನಿನ್ನ
ಸ್ವಾತಿ


ರಾಯಿಕೋಡ್
೨ ಸೆಪ್ಟೆಂಬರ್ ೨೦೨೩

ಮಗಳು ಸ್ವಾತಿಗೆ,

ನೀನು ಹೇಳಿದ ಹಾಗೆ ಗಟ್ಟಿಯಾಗಿ ಓದಿದೆ. ನಿನ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬೇಡದ ಮಾತು ಬಂದರೆ ಜೋರಾಗಿ ಬಡಿಯುತ್ತಾಳೆ, ನಿನಗೆ ಗೊತ್ತು. ಸೀಸೆಗಳ ವಿಷಯ ಬಂದಾಗ ಬಡಿಯುವುದನ್ನು ನಿಲ್ಲಿಸಿದಳು. "ಅದರ ಮುಂದ ಏನದ, ಓದ್ರಿ" ಅಂದಳು. ನಾಲ್ಕು ವರ್ಷ ನೀನು ಮನೆಗೆ ಬಂದು ಕಣ್ಣು ಒರೆಸಿಕೊಳ್ಳುತ್ತಿದ್ದೆ. ನಾವು ಬಸ್ಸಿನ ಧೂಳು ಅಂದುಕೊಂಡಿದ್ದೆವು.

ಒಂದು ವಿಷಯ ಬರೆಯಲೋ ಬೇಡವೋ ಅಂತ ಎಂಟು ದಿನ ಯೋಚನೆ ಮಾಡಿದೆ. ಮರಿಗಳಿಗೆ ಔಷಧ ತರಲು ಜಹೀರಾಬಾದಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಅನಿಲಕುಮಾರ ಸಿಕ್ಕ. ನಾನು ಮುಖ ತಪ್ಪಿಸಬೇಕು ಅಂದುಕೊಂಡೆ, ಅವನೇ ಬಂದು ಕಾಲಿಗೆ ನಮಸ್ಕಾರ ಮಾಡಿದ. ಹೋಟೆಲಿಗೆ ಕರೆದುಕೊಂಡು ಹೋಗಿ ಚಹಾ ಹೇಳಿದ.

"ಹ್ಯಾಂಗ ಅದಾಳ್ರಿ, ಮಾವಾ?" ಅಂದ. ಈಗಲೂ ಮಾವ ಅಂತಲೇ ಕರೆಯುತ್ತಾನೆ.

"ಛಲೋ ಅದಾಳಪ್ಪ. ಬಟ್ಟಿ ಒಗಿತಾಳ, ಮುದುಕೇರಿಗಿ ಉಣಸ್ತಾಳ" ಅಂದೆ.

ಅವನು ಚಹಾವನ್ನು ಬಸಿಗೆ ಸುರಿದು ಆರಿಸಿದ. "ನಮ್ಮ ಮನ್ಯಾಗ ನಾರಾಯಣಖೇಡದ ಹುಡುಗಿ ನೋಡ್ಯಾರ್ರಿ. ನವೆಂಬರದಾಗ ಮದುವಿ. ನಾ ಇನ್ನೂ ಪೂರಾ ಮಾತು ಕೊಟ್ಟಿಲ್ಲ" ಅಂದ. ಆಮೇಲೆ, "ಆಕಿಗಿ ತಿಳಿಸ್ರಿ. ಇಷ್ಟೇ ತಿಳಿಸ್ರಿ" ಅಂದ.

ಪೂರಾ ಮಾತು ಕೊಟ್ಟಿಲ್ಲ ಅನ್ನುವುದನ್ನು ಅವನು ಯಾಕೆ ಹೇಳಿದ ಅಂತ ನನಗೂ ತಿಳಿಯುತ್ತದೆ, ನಿನಗೂ ತಿಳಿಯುತ್ತದೆ. ಒಂದು ಸಾಲು ಬರೆದರೆ ಸಾಕು, ನಾನೇ ಕೊಹೀರಿಗೆ ಹೋಗಿ ಬರುತ್ತೇನೆ. ನಾಚಿಕೆ ಪಡಬೇಡ. ದಾರಿ ತಪ್ಪಿದ ಕುರಿ ತಿರುಗಿ ಬಂದರೆ ನಾವು ಯಾವತ್ತಾದರೂ ಹೊಡೆದದ್ದುಂಟೇ? ಮೈ ಸವರಿ ಹಿಂಡಿಗೆ ಸೇರಿಸುತ್ತೇವೆ.

ದಾರಿ ತಪ್ಪಿದ ಅಂತ ಬರೆಯಬಾರದಿತ್ತು. ಗೀಟು ಎಳೆದು ಹಾಕಿದರೆ ಹಾಳೆ ಕೊಳಕಾಗುತ್ತದೆ. ನೀನೇ ಬಿಟ್ಟು ಓದಿಕೋ.

ನಿನ್ನ ಅಪ್ಪ
ಕಾಶಪ್ಪ


ತಾಂಡೂರು
೨೬ ನವೆಂಬರ್ ೨೦೨೩

ಅಪ್ಪಾ,

ಸುಮಾರು ಮೂರು ತಿಂಗಳು ನಾನು ಬರೆಯಲಿಲ್ಲ. ನಿನ್ನ ಎರಡು ಕಾರ್ಡು ಬಂದವು. "ಬದುಕಿದ್ದೀಯಾ?" ಅಂತ ಕೇಳಿದ್ದೆ. ಬದುಕಿದ್ದೆ.

ನಾನು ಬರೆಯದೆ ಇದ್ದರೆ ಅವನ ಮದುವೆ ಆಗಿಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ಬರೆಯಲಿಲ್ಲ. ಇದನ್ನು ಸುಳ್ಳು ಹೇಳದೆ ನಿನಗೆ ತಿಳಿಸಬೇಕು. ಅನಿಲಕುಮಾರ ನನಗೆ ಬೇಡವಾಗಿದ್ದ ಅಂತ ತಿಳಿಯಬೇಡ. ಆರು ತಿಂಗಳು ಫೋನಿನಲ್ಲಿ ಮಾತಾಡಿದೆವು. ಕರೆಂಟು ಆಫೀಸಿನ ಅವನ ಮೇಲಧಿಕಾರಿಯ ಧ್ವನಿ ತೆಗೆದು ನಗಿಸುತ್ತಿದ್ದ. ಅವನ ಫೋನು ಬರುವ ಹೊತ್ತಿಗೆ ನಾನು ಜಡೆ ಬಿಚ್ಚಿ ಮತ್ತೆ ಹೆಣೆದುಕೊಳ್ಳುತ್ತಿದ್ದೆ. ಫೋನಿನಲ್ಲಿ ಜಡೆ ಯಾರಿಗೆ ಕಾಣುತ್ತದೆ!

ಒಂದು ದಿನ ಅವನು, "ನಿನಗ ಏನು ಬೇಕು, ಸ್ವಾತಿ? ಮನಿ ಬ್ಯಾರೆ ಮಾಡೂನಾ? ನೌಕ್ರಿ ಬಿಡ್ತೀಯಾ? ನೀ ಹೇಳಿದ್ಹಂಗ" ಅಂದ. ನಾಳೆ ಹೇಳುತ್ತೇನೆ ಅಂತ ಫೋನು ಇಟ್ಟೆ. ಅವನ ಜೊತೆ ಮಾತಾಡುವಾಗ ಖುಷಿ ಇರುತ್ತಿತ್ತು, ಫೋನು ಇಟ್ಟ ಮೇಲೆ ಅದೇ ಖಾಲಿತನ ಅಲ್ಲೇ ಕೂತಿರುತ್ತಿತ್ತು. ಅದನ್ನು ತುಂಬುವ ಕೆಲಸ ಅವನಿಗೆ ಒಪ್ಪಿಸಿದರೆ ಆ ಪುಣ್ಯವಂತ ಆಯುಷ್ಯಪೂರ್ತಿ ತುಂಬುತ್ತಲೇ ಇರುತ್ತಿದ್ದ, ತುಂಬಲಿಲ್ಲ ಅಂತ ತನ್ನನ್ನೇ ಬೈದುಕೊಳ್ಳುತ್ತಿದ್ದ.

ಅವನ ಮದುವೆ ಮೊನ್ನೆ ಗುರುವಾರ ಅಂತ ನಿನ್ನ ಕಾರ್ಡಿನಲ್ಲಿತ್ತು. ಅವತ್ತು ಬೆಳಿಗ್ಗೆಯಿಂದ ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಹಾಕಿದೆ. ಒಗೆದದ್ದನ್ನೇ ಮತ್ತೆ ಒಗೆದೆ. ಧಮ್ಮಶೀಲಾ ತನ್ನ ಹಗ್ಗದ ಮಂಚ ಹೊರಗೆ ಎಳೆದುಕೊಂಡು, ಆ ಬಾಜಿನ ಮೇಲೆ ಕೂತು ನೋಡುತ್ತಿದ್ದಳು. ಕೊನೆಗೆ ಕರೆದಳು.

"ಏ ಹುಡುಗಿ, ಖರೆ ಹೇಳು. ದೇವರನ್ನ ಹುಡುಕ್ಕೋತ ಬಂದೀಯೋ, ಯಾರಿಂದಾರೆ ತಪ್ಪಿಸ್ಕೊಂಡು ಬಂದೀಯೋ?"

"ಗೊತ್ತಿಲ್ಲ, ಆಯಿ" ಅಂದೆ.

"ಗೊತ್ತಿಲ್ಲಂದ್ರ ಆತು. ಗೊತ್ತದ ಅಂದಿದ್ರ ನಾ ನಂಬ್ತಿದ್ದಿಲ್ಲ" ಅಂದಳು. ಬಾಜಿನ ಮೇಲೆ ಸರಿದು ಜಾಗ ಮಾಡಿದಳು. ನಾನು ಅವಳ ಪಕ್ಕ ಕೂತು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ದೂರದಲ್ಲಿ ರೈಲು ಕೂಗಿದಾಗ, "ಗೂಡ್ಸ್, ಸಿಮೆಂಟಿಂದು" ಅಂದಳು, ಅಷ್ಟೇ.

ಅವನು ಸುಖವಾಗಿರಲಿ. ಇದನ್ನು ಮನಸ್ಸಿನಿಂದ ಬರೆಯುತ್ತಿದ್ದೇನೆ, ಆದರೆ ಬರೆಯಲು ಮೂರು ತಿಂಗಳು ಬೇಕಾಯಿತು.

ನಿನ್ನ
ಸ್ವಾತಿ


ರಾಯಿಕೋಡ್
೧೪ ಜನವರಿ ೨೦೨೪

ಮಗಳು ಸ್ವಾತಿಗೆ,

ಮೊನ್ನೆ ಎಳ್ಳ ಅಮಾವಾಸ್ಯೆ ಮಾಡಿದೆವು. ಈ ಸಲ ಜೋಳ ಎದೆಮಟ್ಟ ಬಂದಿದೆ. ಭೂತಾಯಿಗೆ ಎಡೆ ಅಂತ ಹೊಲದಲ್ಲಿ ಚರಗ ಚೆಲ್ಲಿದೆವು. ನಿನ್ನ ಅವ್ವ ಸಜ್ಜೆ ರೊಟ್ಟಿ, ಅಂಬಲಿ, ಎಲ್ಲ ಕಾಳು ಸೊಪ್ಪು ಹಾಕಿದ ಭಜ್ಜಿ ಮಾಡಿದ್ದಳು. ಉಪ್ಪು ಹೆಚ್ಚಾಗಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ. ಸಾಯಿಕುಮಾರ ಎರಡು ಚೊಂಬು ನೀರು ಕುಡಿದ.

ಊಟ ಆದ ಮೇಲೆ ಬೇವಿನ ನೆರಳಿಗೆ ಕೂತಿದ್ದಾಗ ನಾನೇ ಮಾತು ತೆಗೆದೆ. "ಭೀಮವ್ವ, ಜೂನಿಗಿ ವರ್ಷ ತುಂಬ್ತದ. ಅದಕ್ಕೂ ಮೊದಲು ಕೇಳ್ತಾರ. ಏನು ಹೇಳೂದು?"

ಏಳು ತಿಂಗಳು ಒಳಗಿಟ್ಟುಕೊಂಡದ್ದು ಒಂದೇ ಸಲ ಬಂತು. "ನೀವೇನು ಹೇಳ್ತೀರೋ ಹೇಳ್ರಿ. ನಂಗ ದೇವರ ಮ್ಯಾಲ ಸಿಟ್ಟಿಲ್ಲ. ಬೀರಪ್ಪಗ ಮಗಳನ್ನ ಕೊಡು ಅಂತ ನಾನೇ ಹರಕಿ ಹೊತ್ತಾಕಿ. ಆದ್ರ ಒಂದು ಮಾತು ಹೇಳ್ರಿ. ಇವತ್ತು ಆಕಿ ಮುದುಕೇರನ್ನ ನೋಡ್ತಾಳ. ನಾಳಿ ಆಕಿ ಮುದುಕಿ ಆದಾಗ ಯಾರು ನೋಡ್ತಾರ? ಹೊಟ್ಟಿಲೆ ಹುಟ್ಟಿದ್ದು ಒಂದು ಇರಬ್ಯಾಡೇನು? ಜ್ವರ ಬಂದ್ರ 'ಹ್ಯಾಂಗದ' ಅಂತ ಕೇಳೂ ಒಬ್ಬ ಮನುಷ್ಯಾ ಬ್ಯಾಡೇನು?"

 ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ನಿನಗೆ ಉತ್ತರ ಗೊತ್ತಿದ್ದರೆ ಬರೆ, ನಾನು ಓದಿ ಹೇಳುತ್ತೇನೆ.

ನನ್ನದೂ ಹೇಳಿಬಿಡುತ್ತೇನೆ. ಬೀರಪ್ಪನ ಮುಂದೆ ನಿಂತಾಗ ಏನಾಗುತ್ತದೆ ಅಂತ ಬರೆದಿದ್ದೆಯಲ್ಲ. ಈಗ ದಿನಾ ನಿಂತು ಎರಡು ಬೇಡುತ್ತೇನೆ. ಮಗಳು ಮನೆಗೆ ಬರಲಿ ಅಂತ ಒಂದು. ಮಗಳು ಹುಡುಕಿದ್ದು ಅವಳಿಗೆ ಸಿಗಲಿ ಅಂತ ಇನ್ನೊಂದು. ಎರಡೂ ಒಟ್ಟಿಗೆ ಆಗುವಂಥವಲ್ಲ, ಗೊತ್ತಿದೆ. ಯಾವುದನ್ನು ಕೊಡಬೇಕು ಅನ್ನುವ ಫಜೀತಿ ಅವನಿಗೇ ಇರಲಿ.

ನಿನ್ನ ಅಪ್ಪ
ಕಾಶಪ್ಪ


ತಾಂಡೂರು
೩ ಮಾರ್ಚ್ ೨೦೨೪

ಅಪ್ಪಾ,

ಧಮ್ಮಶೀಲಾ ಹೋದಳು. ಇಪ್ಪತ್ತು ದಿನವಾಯಿತು.

ಒಂದು ವಾರ ಕೆಮ್ಮು ಇತ್ತು. ಡಾಕ್ಟರು ಬಂದು ನೋಡಿ, ವಯಸ್ಸಾಗಿದೆ ಅಂದರು. ಕೊನೆಯ ದಿನ ಮಧ್ಯಾಹ್ನ ನನ್ನನ್ನು ಕರೆದು, "ನಂದು ಹೇಳಾಕ ಬರ್ತದೇನು?" ಅಂದಳು. ದಿನಾ ನಸುಕಿನಲ್ಲಿ ಅವಳು ಬುದ್ಧನಿಗೆ ಶರಣು ಹೇಳುತ್ತಿದ್ದಳು, ನಾನು ನೆಲ ಒರೆಸುತ್ತ ಕೇಳಿಸಿಕೊಳ್ಳುತ್ತಿದ್ದೆ. ಯಾರೂ ಕಲಿಸದೆಯೇ ಬಾಯಿಗೆ ಬಂದಿತ್ತು. ಹೇಳಿದೆ. ಒಂದು ಕಡೆ ತಪ್ಪಿದೆ, ಅವಳು ಕಣ್ಣು ಮುಚ್ಚಿಕೊಂಡೇ ತಿದ್ದಿದಳು. ಮೂರನೆಯ ಸಲ ತಪ್ಪಿದಾಗ ತಿದ್ದಲಿಲ್ಲ.

ಅಪ್ಪಾ, ಇಲ್ಲಿ ನಲವತ್ತು ಜನರಿದ್ದಾರೆ. ಎಲ್ಲರನ್ನೂ ಒಂದೇ ಸಮ ನೋಡಬೇಕು, ಯಾರಿಗೂ ಅಂಟಿಕೊಳ್ಳಬಾರದು ಅಂತ ನಾನು ಅಂದುಕೊಂಡಿದ್ದೆ. ಸನ್ಯಾಸ ಅಂದರೆ ಅದೇ ಅಂತ ತಿಳಿದಿದ್ದೆ. ಆದರೆ ಅವಳು ಹೋದ ಮೇಲೆ ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಅವಳ ಬಾಜಿಗೆ ಬೇರೆಯವರನ್ನು ಹಾಕಿದಾಗ ಸಿಟ್ಟು ಬಂತು. ಅವರ ಮೇಲೆ ರೇಗಿಯೂಬಿಟ್ಟೆ. ಪಾಪ, ನಾರಾಯಣಖೇಡದಿಂದ ಬಂದ ಕೌಶಲ್ಯಾ ಅನ್ನುವ ಮುದುಕಿ. ಅವರಿಗೇನು ಗೊತ್ತು?

ಅಕ್ಕನವರ ಹತ್ತಿರ ಹೋಗಿ, "ನಾ ಇದಕ್ಕ ಲಾಯಕ್ ಇಲ್ರಿ. ನಾ ಒಬ್ಬಾಕಿ ಮ್ಯಾಲ ಜೀವ ಇಟ್ಟಿದ್ದೆ. ಮನಿಗಿ ಕಳಿಸ್ರಿ" ಅಂದೆ.

ಅವರು ತೊಗರಿ ಆರಿಸುತ್ತಿದ್ದರು. ಆರಿಸುವುದು ಬಿಡಲಿಲ್ಲ. "ಒಬ್ಬಾಕಿ ಮ್ಯಾಲನೂ ಜೀವ ಇಡಲಾರ್ದಾಕಿ ನಲವತ್ತು ಮಂದಿನ್ನ ಏನು ನೋಡ್ತಾಳ?" ಅಂದರು. "ಅಳೋರನ್ನ ನಾ ಹೊರಗ ಹಾಕೂದಿಲ್ಲ. ಅಳು ಬತ್ತಿದೋರು ಬಂದ್ರ ನಂಗ ಅಂಜಿಕಿ ಆಗ್ತದ. ಹೋಗು, ಆ ಕೌಶಲ್ಯಾಗ ಹೋಗಿ ಕೂದಲ ಬಾಚು. ಮಾಫ್ ಕೇಳಬ್ಯಾಡ, ಬಾಚು ಸಾಕು."

ಬಾಚಿದೆ.

ಅವ್ವ ಕೇಳಿದ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಬರೆದು ಹರಿದೆ. ನಾನು ಮುದುಕಿಯಾದಾಗ ಯಾರು ನೋಡುತ್ತಾರೆ ಅಂತ ನನಗೆ ಗೊತ್ತಿಲ್ಲ. ಧಮ್ಮಶೀಲಾಗೂ ಗೊತ್ತಿರಲಿಲ್ಲ. ನಾನು ಅವಳ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ಅವಳ ಊರಿನವಳಲ್ಲ, ಅವಳ ದೇವರೂ ನನ್ನ ದೇವರಲ್ಲ. ಆದರೂ ಕೊನೆಗೆ ಅವಳ ಕೈ ನನ್ನ ಕೈಯಲ್ಲಿತ್ತು. 

ಅವ್ವ ಹೂಂ ಅನ್ನದಿದ್ದರೆ ನಾನು ಬರುತ್ತೇನೆ. ಅವಳ ಮೇಲೆ ಬೇಸರ ಇಟ್ಟುಕೊಂಡು ಬರುವುದಿಲ್ಲ. ಇದನ್ನು ಅವಳಿಗೆ ತಪ್ಪದೆ ಓದು.

ನಿನ್ನ
ಸ್ವಾತಿ


ರಾಯಿಕೋಡ್
೧೭ ಮಾರ್ಚ್ ೨೦೨೪

ಮಗಳು ಸ್ವಾತಿಗೆ,

ನಿನ್ನ ಪತ್ರ ಬಂದಾಗ ನಿನ್ನ ಅವ್ವ ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಮೊದಲ ಸಾಲು ಓದಿದೆ. ಧಮ್ಮಶೀಲಾ ಹೋದಳು ಅಂತ. ಬಾಟಲಿ ಕೈಬಿಟ್ಟಳು.

"ಯಾರು? ಆ ರೈಲಿನ ಮುದುಕಿನಾ? ಬಿಳೀ ಕೂದಲದಾಕಿ? ಹೋದಳಾ?" ಅಂದಳು. ಕೂತಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ನನಗೆ ಏನೂ ತಿಳಿಯಲಿಲ್ಲ. "ಆಕಿ ನಿಂಗ ಹ್ಯಾಂಗ ಗೊತ್ತು?" ಅಂದೆ. ಆಮೇಲೆ ಒಂದೊಂದಾಗಿ ಹೊರಬಂತು.

ಫೆಬ್ರವರಿ ಮೊದಲ ವಾರ ಕಣ್ಣು ತೋರಿಸಿಕೊಂಡು ಬರುತ್ತೇನೆ ಅಂತ ಜಹೀರಾಬಾದಿಗೆ ಹೋಗಿದ್ದಳು. ಜೊತೆಗೆ ಬರುತ್ತೇನೆ ಅಂದರೆ ಬೇಡ ಅಂದಿದ್ದಳು. ಈಗ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲವಲ್ಲ, ಆಧಾರ್ ಕಾರ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಹೀರಾಬಾದಿನಲ್ಲಿ ಬಸ್ಸು ಬದಲಿಸಿ ತಾಂಡೂರಿಗೆ ಬಂದಿದ್ದಾಳೆ. ರಾಯಿಕೋಡಿನ ಬೋರ್ಡು ಓದಲು ಬರದವಳು ಕೇಳಿಕೊಂಡು ಕೇಳಿಕೊಂಡು ನಿಮ್ಮ ಬಾಗಿಲಿಗೆ ಬಂದಿದ್ದಾಳೆ. ನಿನ್ನ ಕೈ ಹಿಡಿದು ಎಳೆದುಕೊಂಡು ಬರುವುದಕ್ಕೆ.

ನೀನು ಒಳಗೆ ಇದ್ದೆಯಂತೆ. ಬಿಸಿಲಲ್ಲಿ ಬಾಜಿನ ಮೇಲೆ ಒಬ್ಬ ಮುದುಕಿ ಕೂತಿದ್ದಳಂತೆ. ರೈಲು ಕೂಗಿದ್ದಕ್ಕೆ 'ಗೂಡ್ಸ್' ಅಂದಳಂತೆ, ನಿನ್ನ ಪತ್ರದವಳೇ ಇವಳು ಅಂತ ನಿನ್ನ ಅವ್ವನಿಗೆ ತಿಳಿಯಿತಂತೆ. "ಕೂಡು. ಯಾರವ್ವ ನೀ?" ಅಂದಳಂತೆ. ನಿನ್ನ ಅವ್ವ, "ಯಾರವ್ವನೂ ಅಲ್ಲ, ಹಿಂಗೇ ಬಂದೀನಿ" ಅಂದಳಂತೆ.

ಆಮೇಲೆ ಆ ಮುದುಕಿ ತಾನಾಗಿಯೇ ಶುರು ಮಾಡಿದಳಂತೆ. "ಇಲ್ಲೊಬ್ಬಾಕಿ ಹುಡುಗಿ ಅದಾಳ ನೋಡು. ಕುರುಬರಾಕಿ. ಉಣಲಿಲ್ಲಂದ್ರ ಹ್ಯಾಂಗ ಬೈತಾಳ ಅಂತಿ! ನಮ್ಮ ಅತ್ತಿನೂ ಹಂಗ ಬೈದಿಲ್ಲ. ಬೈದು ಬೈದು ತಾನೇ ತುತ್ತು ಮಾಡಿ ಬಾಯಾಗ ಇಡ್ತಾಳ. ಯಾರೋ ಆಕಿ ಅವ್ವ ಛಲೋ ಕಲಿಸ್ಯಾಳ. ಸಿಕ್ಕಿದ್ರ ಕಾಲಿಗಿ ಬೀಳ್ತಿದ್ದೆ."

ಅಷ್ಟರಲ್ಲಿ ನೀನು ಬಾಚಣಿಗೆ ಹಿಡಿದು ಹೊರಗೆ ಬಂದೆ. ನಿನ್ನ ಅವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡು ಎದ್ದಳಂತೆ. ಗೇಟಿನ ಹೊರಗೆ ನಿಂತು ನೋಡಿದಳಂತೆ. ನೀನು ಮುದುಕಿಯ ತಲೆಯನ್ನು ಮೊಣಕಾಲ ನಡುವೆ ಹಿಡಿದು, "ಅಳ್ಳಾಡಬ್ಯಾಡ, ಬೆನ್ನಿಗಿ ಎರಡು ಹಾಕ್ತೀನಿ ನೋಡು" ಅಂತ ಗದರುತ್ತಿದ್ದೆಯಂತೆ. "ನಾ ಆಕಿಗಿ ಹೇನು ತಗಿಯೂವಾಗ ಅಂತಿದ್ದೆ, ಅದೇ ಮಾತು. ಅದೇ ರಾಗ" ಅಂದಳು. ಅಳುತ್ತಲೇ ನಕ್ಕಳು. ಬಸ್ಸು ಹಿಡಿದು ವಾಪಸು ಬಂದವಳು ನನಗೆ, ಕಣ್ಣಿನ ಡಾಕ್ಟರ್ ಸಿಗಲಿಲ್ಲ ಅಂದಿದ್ದಳು.

ನಿನ್ನ ಪತ್ರದ ಉಳಿದದ್ದನ್ನು ಎರಡು ಸಲ ಓದಿಸಿದಳು. ಮರಿ ಅವಳ ಸೆರಗು ಚೀಪುತ್ತಿತ್ತು. ಅದನ್ನು ಬಿಡಿಸಿಕೊಂಡು, "ಬರಿರಿ" ಅಂದಳು.

"ಏನಂತ?"

"ಹೂಂ ಅಂತ."

ನಾನು ಅವಳ ಮುಖ ನೋಡಿದೆ. "ಹಂಗ ಯಾಕ ನೋಡ್ತೀರಿ?" ಅಂದಳು. "ನಾ ಆಕಿಗಿ ಕೊಟ್ಟಿದ್ದು ಅಲ್ಲಿ ಹಂಚಾಕತ್ಯಾಳ. ಕಟ್ಟಿ ಇಟ್ಕೊಂಡು ಏನು ಮಾಡ್ಲಿ? ಆದ್ರ ಒಂದು ಕರಾರು. ನಾ ಹಾಸಿಗಿ ಹಿಡಿದ ದಿವಸ ಬಂದು ನನ್ನ ತಲಿನೂ ಬಾಚಬೇಕು. ಆಗೂದಿಲ್ಲ ಅಂದ್ರ ಹೂಂ ವಾಪಸ್ ತಗೋತೀನಿ."

ಅಕ್ಕನವರಿಗೆ ಕೇಳಿ ಬರೆ.

ನಿನ್ನ ಅಪ್ಪ
ಕಾಶಪ್ಪ


ತಾಂಡೂರು
೭ ಏಪ್ರಿಲ್ ೨೦೨೪

ಅಪ್ಪಾ, ಅವ್ವಾ,

ನಿಮ್ಮ ಪತ್ರವನ್ನು ನಾನು ಎಲ್ಲೆಲ್ಲಿ ಕೂತು ಓದಿದೆ ಅಂತ ಬರೆದರೆ ಹಾಳೆ ತುಂಬುತ್ತದೆ. ಅವ್ವ ಇಪ್ಪತ್ತು ಹೆಜ್ಜೆ ದೂರ ನಿಂತಿದ್ದಳು! ನಾನು ತಲೆ ಎತ್ತಲಿಲ್ಲ.

ಅಕ್ಕನವರನ್ನು ಕೇಳಿದೆ. "ಹಡದಾಕಿ ಸೇವಾ ಮಾಡಬಾರ್ದು ಅಂತ ಯಾವ ದೇವರು ಹೇಳ್ಯಾನ? ಆಕಿ ಕರೆದ ದಿವಸ ನಾನೇ ಬಸ್ ಹತ್ತಿಸ್ತೀನಿ" ಅಂದರು.

ಬಸವ ಜಯಂತಿಯ ದಿನ, ಮೇ ಹತ್ತಕ್ಕೆ ದೀಕ್ಷೆ. ವರ್ಷ ತುಂಬಲು ಒಂದು ತಿಂಗಳು ಕಡಿಮೆ, ಆದರೂ ಆ ದಿನ ಬಿಡುವುದು ಬೇಡ ಅಂದರು ಅಕ್ಕನವರು. ಹೆಚ್ಚಿನ ಜನ ಇರುವುದಿಲ್ಲ. ಬಿಳಿ ಸೀರೆ ಕೊಡುತ್ತಾರೆ, ಹೊಸ ಹೆಸರು ಇಡುತ್ತಾರೆ, ಜೋಳಿಗೆ ಹಾಕುತ್ತಾರೆ. ಮೊದಲನೆಯ ಭಿಕ್ಷೆ ತಾಯಿಯ ಕೈಯಿಂದಲೇ ಆಗಬೇಕು ಅನ್ನುವುದು ಇಲ್ಲಿಯ ಪದ್ಧತಿ. ಅವ್ವಾ, ಎರಡು ಜೋಳದ ರೊಟ್ಟಿ ಸಾಕು.

ನನಗೆ ಭಯ ಇದೆ. ಭಯ ಇಲ್ಲ ಅಂತ ಬರೆಯಬೇಕು ಅಂದುಕೊಂಡಿದ್ದೆ. ಖುಷಿಯೂ ಇದೆ. ಎರಡೂ ಒಂದೇ ಹೊಟ್ಟೆಯಲ್ಲಿವೆ.

ನಿಮ್ಮ
ಸ್ವಾತಿ


ರಾಯಿಕೋಡ್
೧೫ ಮೇ ೨೦೨೪

ಈ ಪತ್ರದ ಮೇಲೆ ಏನಂತ ಬರೆಯಬೇಕು ಅಂತ ತಿಳಿಯದೆ ಎರಡು ದಿನ ಹೋಯಿತು. ನಿನಗೆ ಇಟ್ಟ ಹೊಸ ಹೆಸರು ದಯಾಶ್ರೀ ತಾಯಿ. ಒಳ್ಳೆಯ ಹೆಸರು. ನನ್ನ ಪೆನ್ನಿನಿಂದ ಬರಲಿಲ್ಲ. ಸ್ವಾತಿ ಅಂತ ಇನ್ನು ಕರೆಯುವಂತಿಲ್ಲ ಅಂತ ಅಲ್ಲಿ ಒಬ್ಬರು ಹೇಳಿದರು. ಅದಕ್ಕೇ ಮೇಲೆ ಜಾಗ ಬಿಟ್ಟು ಶುರು ಮಾಡಿದ್ದೇನೆ.

ನೀನು ನೋಡಿದ್ದನ್ನು ನಾನು ಬರೆಯಬೇಕಾಗಿಲ್ಲ. ನೀನು ನೋಡದೆ ಇದ್ದದ್ದನ್ನು ಬರೆಯುತ್ತೇನೆ.

ನೀನು ಬಿಳಿ ಸೀರೆಯಲ್ಲಿ ಹೊರಗೆ ಬಂದಾಗ ಎಲ್ಲರೂ ನಿನ್ನ ಕಾಲಿಗೆ ಬಿದ್ದರು. ನನ್ನ ಸರದಿ ಬಂದಾಗ ನಾನೂ ಬಗ್ಗಿದೆ, ನೀನು ಹಿಂದಕ್ಕೆ ಸರಿದೆ. ಅಲ್ಲಿಯವರೆಗೆ ಗಟ್ಟಿಯಾಗಿದ್ದೆ ನಾನು. ಆಮೇಲೆ ಗೋಡೆಯ ಹಿಂದೆ ಹೋಗಿ ನಿಂತುಕೊಂಡೆ. ಅಕ್ಕನವರು ಬಂದು ನನ್ನ ಪಕ್ಕ ನಿಂತರು. ನಾನು ಸಂತೋಷವಾಗಿದ್ದೇನೆ ಅಂತ ನಿನಗೆ ಸುಳ್ಳು ಬರೆಯುವುದಿಲ್ಲ. ಮನೆಗೆ ಬರಲಿ ಅಂತ ಬೇಡುವುದನ್ನು ಈಗ ಬಿಟ್ಟಿದ್ದೇನೆ, ಅಷ್ಟು ಬರೆಯಬಲ್ಲೆ.

ಭಿಕ್ಷೆ ಹಾಕುವ ಹೊತ್ತಿಗೆ ನೀನು ಕಣ್ಣು ಮುಚ್ಚಿದ್ದೆ. ನಿನ್ನ ಅವ್ವ ರೊಟ್ಟಿಯ ಗಂಟು ಬಿಚ್ಚಿದಳು. ಎರಡು ಸಾಕು ಅಂದಿದ್ದೆ, ಹದಿನಾರು ತಂದಿದ್ದಳು. ಎರಡನ್ನು ಜೋಳಿಗೆಗೆ ಹಾಕಿದಳು. ಉಳಿದದ್ದನ್ನು, ನಿನಗೆ ಕಾಣದ ಹಾಗೆ, ಬಾಜಿನ ಮೇಲೆ ಕೂತಿದ್ದ ಮುದುಕಿಯರಿಗೆ ಒಂದೊಂದಾಗಿ ಕೊಟ್ಟುಕೊಂಡು ಹೋದಳು. ಕೌಶಲ್ಯಾ ಅನ್ನುವವರು ಹಲ್ಲಿಲ್ಲ ಅಂದರು. ಪಕ್ಕ ಕೂತು ಹಾಲಿನಲ್ಲಿ ನೆನೆಸಿ ತಿನ್ನಿಸಿದಳು. ಬಸ್ಸಿಗೆ ತಡವಾಗುತ್ತದೆ ಅಂದರೂ ಏಳಲಿಲ್ಲ.

ಚುನಾವಣೆಗೆ ಊರಿಗೆ ಹೋಗುವವರಿಂದ ಬಸ್ಸು ತುಂಬಿಹೋಗಿತ್ತು. ಜಹೀರಾಬಾದಿನವರೆಗೂ ನಿಂತೇ ಬಂದೆವು. ಅಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಕೂತ ಮೇಲೆ ನಾನು ಕೇಳಿದೆ, "ಭೀಮವ್ವ, ಇನ್ನ ಮ್ಯಾಲ ಪತ್ರ ಬರದ್ರ ಆಕಿಗಿ ಏನಂತ ಬರಿಲಿ? ಸ್ವಾತಿ ಅನ್ನಂಗಿಲ್ಲ. ಮಗಳೇ ಅನ್ನಬಹುದೋ ಇಲ್ಲೋ. ತಾಯಿ ಅನ್ನಾಕ ನಂಗ ನಾಲಿಗಿ ಹೊರಳೂದಿಲ್ಲ."

ಅವಳು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು.

"ಯವ್ವಾ ಅಂತ ಬರಿರಿ" ಅಂದಳು. "ನಮ್ಮವ್ವಗ ನಾ ಯವ್ವಾ ಅಂತಿದ್ದೆ. ಇದು ಹುಟ್ಟಿದಾಗ ಎತ್ಕೊಂಡು ಯವ್ವಾ ಅಂದೆ. ಮಠದಾಗ ಕೂತ ತಾಯಿಗೂ ಮಂದಿ ಯವ್ವಾ ಅಂತಾರ. ನಮ್ಮ ಮಾತಿನ್ಯಾಗ ಮೂರಕ್ಕೂ ಅದೇ ಹೆಸರು. ಯಾವ ನಿಯಮ ಅಡ್ಡ ಬರ್ತದ?"

ಅಷ್ಟು ಹೇಳಿ ನನ್ನ ಭುಜಕ್ಕೆ ತಲೆಯಿಟ್ಟು ರಾಯಿಕೋಡ್ ಬರುವವರೆಗೂ ನಿದ್ದೆ ಮಾಡಿದಳು. ನೀನು ಹೋದ ಮೇಲೆ ಅವಳು ಹೀಗೆ ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಮೇಲೆ ಬಿಟ್ಟ ಜಾಗದಲ್ಲಿ ಈಗ ಬರೆಯಲು ಹೋದರೆ ಅಕ್ಷರ ಸೊಟ್ಟಗಾಗುತ್ತವೆ. ಇಲ್ಲೇ ಬರೆಯುತ್ತೇನೆ.

ಯವ್ವಾ, ಉಂಡ್ಯಾ?

ಅಪ್ಪ